ಕಾರವಾರದ ಹವೆಯಲ್ಲಿ ಕ್ಷೌರದ ಕತ್ತಿ: ಮಸೆತ, ತುಕ್ಕು, ಹೊಸ ಹಿಡಿ

ಫೆಬ್ರವರಿಯಲ್ಲಿ ಕೈಗೆತ್ತಿಕೊಂಡ ಕೆಲಸ ಸೆಪ್ಟೆಂಬರಿನಲ್ಲಿ ಒಂದು ಹದಕ್ಕೆ ಬಂದಿದೆ. ಮಡಚುವ ಹಳೆಯ ಕ್ಷೌರದ ಕತ್ತಿಯನ್ನು ಮಸೆದು, ಅದರಲ್ಲೇ ಗಡ್ಡ ತೆಗೆದುಕೊಳ್ಳುವುದನ್ನು ಕಲಿತೆ. ಮಸೆಯುವುದು ಹೇಗೆಂದು ಹೇಳುವ ವಿಡಿಯೊಗಳು ಬೇಕಾದಷ್ಟಿವೆ. ಆದರೆ ಅವುಗಳನ್ನು ಮಾಡಿದವರಲ್ಲಿ ಹೆಚ್ಚಿನವರು ಒಣ ಹವೆಯ ಊರಿನವರು. ಕೋಡಿಬಾಗದಂಥ ಕಡೆ, ಒಂದು ಮಗ್ಗುಲಿಗೆ ಕಾಳಿ ನದಿ, ಇನ್ನೊಂದು ಮಗ್ಗುಲಿಗೆ ಕಡಲು ಇರುವಲ್ಲಿ ವಾಸಿಸುವವರಿಗೆ ಮಸೆತ ಅರ್ಧ ಕೆಲಸ ಮಾತ್ರ. ಮಸೆದದ್ದನ್ನು ಉಳಿಸಿಕೊಳ್ಳುವುದು ಉಳಿದರ್ಧ. ಈ ಟಿಪ್ಪಣಿ ಮುಖ್ಯವಾಗಿ ಆ ಉಳಿದರ್ಧಕ್ಕಾಗಿ.

1. ಕತ್ತಿ (ಫೆಬ್ರವರಿ)

ಮಡಗಾಂವಿನ ಹಳೇ ಸಾಮಾನಿನ ಅಂಗಡಿಯಲ್ಲಿ 900 ರೂಪಾಯಿಗೆ ಸಿಕ್ಕಿತು. ಸಲೂನುಗಳಲ್ಲಿ ಈಗಲೂ ಇದೇ ಆಕಾರದ ರೇಜರ್ ಕಾಣುತ್ತದೆ, ಆದರೆ ಅದರಲ್ಲಿ ಅರ್ಧ ಮುರಿದ ಬ್ಲೇಡನ್ನು ಸಿಕ್ಕಿಸಿ ಗಿರಾಕಿಯಿಂದ ಗಿರಾಕಿಗೆ ಬದಲಿಸುತ್ತಾರೆ. ರಕ್ತದಿಂದ ಹರಡುವ ರೋಗಗಳನ್ನು ನೆನೆದರೆ ಅದೇ ಸರಿ. ಮಸೆದು ಬಳಸುವ ಕತ್ತಿ ಒಬ್ಬರದ್ದಾಗಿಯೇ ಇರಬೇಕು, ಮನೆಯೊಳಗೂ ಹಂಚಿಕೊಳ್ಳಬಾರದು.

ಕತ್ತಿಯ ಬುಡದಲ್ಲಿ ಸೋಲಿಂಗೆನ್ ಎಂಬ ಮುದ್ರೆಯಿದೆ. ಜರ್ಮನಿಯ ಆ ಊರಿನ ಹೆಸರನ್ನು ಅಲ್ಲಿ ತಯಾರಾದ ಮಾಲಿನ ಮೇಲಷ್ಟೇ ಹಾಕಬಹುದೆಂದು 1938ರಲ್ಲೇ ಕಾನೂನು ಬಂದಿದೆ. ಆದರೂ ಹಳೇ ಸಾಮಾನಿನಲ್ಲಿ ಮುದ್ರೆಗಿಂತ ಲೋಹವನ್ನು ನೋಡಿ ಕೊಳ್ಳುವುದು ಒಳ್ಳೆಯದು. ನಾನು ನೋಡಿದ್ದು ಇಷ್ಟು: ಬಾಯಿಯಲ್ಲಿ ಬಿರುಕಿದೆಯೇ, ಬೆನ್ನು ಒಂದೇ ಸಮನಾಗಿ ಸವೆದಿದೆಯೇ, ಬಾಯಿಯಿಂದ ಎರಡು ಮೂರು ಮಿಲಿಮೀಟರ್ ಒಳಗೆ ತುಕ್ಕಿನ ಗುಳಿಗಳಿವೆಯೇ. ಕೊನೆಯದು ಎಲ್ಲಕ್ಕಿಂತ ಮುಖ್ಯ. ಹೊಟ್ಟೆಯ, ಅಂದರೆ ಬೆನ್ನಿಗೂ ಬಾಯಿಗೂ ನಡುವಿನ ಭಾಗದ, ಮೇಲಿನ ಕಲೆಗಳು ನೋಡಲು ಚೆನ್ನಾಗಿರುವುದಿಲ್ಲ, ಅಷ್ಟೇ. ಬಾಯಿಯ ಹತ್ತಿರದ ಗುಳಿ ಹಾಗಲ್ಲ. ಮಸೆಯುತ್ತ ಮಸೆಯುತ್ತ ಬಾಯಿ ಆ ಗುಳಿಯನ್ನು ಮುಟ್ಟಿದ ದಿನ ಅಲ್ಲಿ ಅಂಚು ಪುಡಿಯಾಗಿ ಉದುರುತ್ತದೆ. ನನ್ನದರಲ್ಲಿ ತುದಿಯ ಹತ್ತಿರ ಅಂಥ ಒಂದು ಗುಳಿ ಇತ್ತು. ಅದನ್ನು ತೋರಿಸಿಯೇ ಬೆಲೆ ಇಳಿಸಿದೆ.

ವರ್ನಿಯರ್ ಅಳತೆ: ಅಗಲ ಮಧ್ಯದಲ್ಲಿ 15.2 ಮಿ.ಮೀ., ಬೆನ್ನಿನ ದಪ್ಪ 4.3 ಮಿ.ಮೀ. ಕ್ಷೌರದ ಕತ್ತಿಯನ್ನು ಮಸೆಯುವಾಗ ಬೆನ್ನು ಮತ್ತು ಬಾಯಿ ಎರಡೂ ಕಲ್ಲಿನ ಮೇಲೆಯೇ ಇರುವುದರಿಂದ ಕೋನವನ್ನು ಈ ಎರಡು ಅಳತೆಗಳೇ ನಿರ್ಧರಿಸುತ್ತವೆ. ನನ್ನ ಕತ್ತಿಯಲ್ಲಿ ಅದು 16 ಡಿಗ್ರಿಗೆ ತುಸು ಮೇಲೆ. ಅಡಕೆ ಸುಲಿಯುವ ಮೆಟ್ಟುಗತ್ತಿಯನ್ನೋ ಅಡುಗೆಮನೆಯ ಚಾಕುವನ್ನೋ ಮಸೆದು ರೂಢಿಯಿರುವವರ ಕೈ ತಾನಾಗಿಯೇ ಬೆನ್ನನ್ನು ಎತ್ತುತ್ತದೆ. ಇಲ್ಲಿ ಬೆನ್ನು ಎದ್ದರೆ ಕೆಲಸ ಕೆಟ್ಟಿತು.

2. ಕಲ್ಲುಗಳನ್ನು ಮಟ್ಟ ಮಾಡಿದ್ದು

ಒಂದು ಬದಿ 1000, ಇನ್ನೊಂದು ಬದಿ 6000 ನಂಬರಿನ ಜಪಾನಿ ಜೋಡಿಕಲ್ಲು, ಜೊತೆಗೆ 12000 ಎಂದು ಮಾರುವ ಚೀನಾದ ನೈಸರ್ಗಿಕ ಕಲ್ಲು ತರಿಸಿದೆ. ನಂಬರು ಹೆಚ್ಚಿದಷ್ಟೂ ಕಲ್ಲು ನುಣುಪು. ಹೊಸ ಕಲ್ಲು ಮಟ್ಟವಾಗಿಯೇ ಇರುತ್ತದೆಂದು ನಂಬಬೇಡಿ. ಗಾಜಿನ ಅಂಗಡಿಯವರು ಕೊಟ್ಟ 10 ಮಿ.ಮೀ. ದಪ್ಪದ ಗಾಜಿನ ತುಂಡಿನ ಮೇಲೆ 220 ನಂಬರಿನ ವಾಟರ್ ಪೇಪರ್ ಹಾಸಿ, ಕಲ್ಲಿನ ಮೇಲೆ ಪೆನ್ಸಿಲಿನಿಂದ ಚೌಕಗಳನ್ನು ಗೀಚಿ, ನೀರು ಹಾಕಿ ಉಜ್ಜಿದೆ. 1000ದ ಬದಿಯಲ್ಲಿ ಮೂಲೆಗಳ ಗೀಟುಗಳು ಬೇಗ ಹೋದವು, ನಡುವಿನವು ಉಳಿದವು. ಅಂದರೆ ನಡುವೆ ತಗ್ಗು. ಎಲ್ಲ ಗೀಟುಗಳೂ ಅಳಿಸುವ ತನಕ ಉಜ್ಜಿ, ಮತ್ತೆ ಗೀಚಿ, ಮತ್ತೆ ಉಜ್ಜಿದೆ. ಚೀನಾದ ಕಲ್ಲು ಬಹಳ ಗಟ್ಟಿ. ಅದಕ್ಕೆ ಕಾಗದದ ಹಾಳೆಗಳು ಹೆಚ್ಚು ಬೇಕಾದವು. ಕೊನೆಗೆ ನಾಲ್ಕೂ ಅಂಚುಗಳನ್ನು 45 ಡಿಗ್ರಿಯಲ್ಲಿ ತುಸು ಉಜ್ಜಿ ಮೊಂಡು ಮಾಡಬೇಕು. ಇಲ್ಲವಾದರೆ ಕಲ್ಲಿನ ಚೂಪು ಅಂಚಿಗೆ ತಗುಲಿ ಕತ್ತಿಯ ಬಾಯಿಗೆ ಪೆಟ್ಟಾಗುತ್ತದೆ.

3. 1000ದ ಕಲ್ಲು: ಎರಡು ಮಗ್ಗುಲು ಕೂಡುವ ತನಕ (ಮಾರ್ಚ್)

ಇಡೀ ಮಸೆತದಲ್ಲಿ ಹೆಚ್ಚು ಹೊತ್ತು ಬೇಡುವುದು ಇದು, ಜನ ಬೇಗ ಬಿಟ್ಟು ಮುಂದೆ ಹೋಗುವುದೂ ಇದನ್ನೇ. ಬಾಯಿಯ ಎರಡೂ ಮಗ್ಗುಲಲ್ಲಿ ಕಲ್ಲು ತಾಗಿ ಉಂಟಾಗುವ ಸಣ್ಣ ಇಳಿಜಾರು ಪಟ್ಟಿಗಳಿರುತ್ತವೆ. ಆ ಎರಡು ಪಟ್ಟಿಗಳು ಬುಡದಿಂದ ತುದಿಯ ತನಕ ಒಂದೇ ಗೆರೆಯಲ್ಲಿ ಕೂಡಬೇಕು. ಕೂಡದೆ ಉಳಿದ ಜಾಗವನ್ನು 6000ವಾಗಲಿ 12000ವಾಗಲಿ ಸರಿಪಡಿಸುವುದಿಲ್ಲ. ಮೊಂಡು ಜಾಗಕ್ಕೆ ಹೊಳಪು ಬರುತ್ತದೆ, ಅಷ್ಟೇ.

ಕ್ರಮ ಹೀಗಿತ್ತು. ಕಲ್ಲನ್ನು ಹದಿನೈದು ನಿಮಿಷ ನೀರಿನಲ್ಲಿ ನೆನೆಸುವುದು. ಕತ್ತಿಯ ಬೆನ್ನಿಗೆ ಒಂದು ಪದರ ಇನ್ಸುಲೇಶನ್ ಟೇಪ್ ಅಂಟಿಸುವುದು. ಇದರಿಂದ ಕೋನ ಸುಮಾರು ಒಂದು ಡಿಗ್ರಿ ಹೆಚ್ಚಾಗುತ್ತದೆ, ಬೆನ್ನು ಸವೆಯುವುದಿಲ್ಲ. ಒಮ್ಮೆ ಟೇಪ್ ಹಾಕಿದರೆ ಕೊನೆಯ ಕಲ್ಲಿನ ತನಕ ಹಾಕಿಯೇ ಇರಬೇಕು. ಹಳೆಯದು ಸವೆದಾಗ ಹೊಸದನ್ನು ಅಂಟಿಸಬೇಕು. ಬಾಯಿಯ ಎರಡೂ ಮಗ್ಗುಲಿಗೆ ಮಾರ್ಕರ್ ಪೆನ್ನಿನ ಕಪ್ಪು ಬಣ್ಣ ಬಳಿಯುವುದು. ಆಮೇಲೆ ಕತ್ತಿಯನ್ನು ಮಲಗಿಸಿ, ಬಾಯಿ ಮುಂದಾಗಿ, ಬುಡದಿಂದ ತುದಿಯ ಕಡೆಗೆ ಓರೆಯಾಗಿ ಎಳೆಯುವುದು. ಕಲ್ಲಿನ ಕೊನೆಯಲ್ಲಿ ಬೆನ್ನಿನ ಮೇಲೆ ಹೊರಳಿಸಿ ವಾಪಸು ತರುವುದು.

ಕೆಲವು ಎಳೆತಗಳ ಬಳಿಕ ನೋಡಿದರೆ ಮಧ್ಯದಲ್ಲಿ ಕಪ್ಪು ಹೋಗಿತ್ತು. ಬುಡದ ಹತ್ತಿರ ಮತ್ತು ತುದಿಯಲ್ಲಿ ಹಾಗೇ ಇತ್ತು. ಕೈಯ ಒತ್ತಡ ಹೆಚ್ಚಿಸಿದೆ. ಅದು ಫಲಿಸಲಿಲ್ಲ: ಒತ್ತಿದರೆ ಕತ್ತಿಯ ತೆಳು ಹೊಟ್ಟೆ ಬಾಗುತ್ತದೆ, ಬಾಯಿ ಕಲ್ಲಿನಿಂದ ಏಳುತ್ತದೆ, ಸವೆಯಬೇಕಾದ್ದು ಸವೆಯುವುದಿಲ್ಲ. ಫಲಿಸಿದ್ದು ಬೇರೆ. ಬುಡದ ಭಾಗವನ್ನಷ್ಟೇ ಕಲ್ಲಿನ ಅಂಚಿನ ಹತ್ತಿರ ಇಟ್ಟು, ಹಗುರವಾಗಿ, ಚಿಕ್ಕ ಚಿಕ್ಕ ಸುತ್ತುಗಳಲ್ಲಿ ಒಂದು ಮಗ್ಗುಲಿಗೆ ಇಪ್ಪತ್ತು, ಇನ್ನೊಂದಕ್ಕೆ ಇಪ್ಪತ್ತು. ಹಾಗೆಯೇ ತುದಿಗೂ. ಬಳಿಕ ಇಡೀ ಉದ್ದಕ್ಕೆ ಓರೆ ಎಳೆತ. ಮತ್ತೆ ಮಾರ್ಕರ್, ಮತ್ತೆ ನೋಟ.

ನೋಡುವುದಕ್ಕೆ ಗಡಿಯಾರ ರಿಪೇರಿಯವರ ಭೂತಗನ್ನಡಿ ಸಾಕಾಗಲಿಲ್ಲ. ದೀಪವಿರುವ 60 ಪಟ್ಟಿನ ಪುಟ್ಟ ಸೂಕ್ಷ್ಮದರ್ಶಕ 350 ರೂಪಾಯಿಗೆ ಸಿಕ್ಕಿತು, ಅದು ಸಾಕು. ಇನ್ನೊಂದು ಸರಳ ಪರೀಕ್ಷೆ: ದೀಪದ ಕೆಳಗೆ ಬಾಯಿ ಮೇಲಾಗಿ ಹಿಡಿಯಿರಿ. ಕೂಡಿದ ಅಂಚು ಕಾಣುವುದೇ ಇಲ್ಲ. ಎಲ್ಲಾದರೂ ಬಿಳಿಯ ಗೆರೆ ಮಿನುಗಿದರೆ ಅಲ್ಲಿ ಇನ್ನೂ ಚಪ್ಪಟೆ ಇದೆ. ಮುಂಗೈಯ ಕೂದಲನ್ನು ಚರ್ಮಕ್ಕೆ ತಾಗುವಷ್ಟು ಹತ್ತಿರದಲ್ಲಿ ಬುಡ, ಮಧ್ಯ, ತುದಿ ಮೂರೂ ಕತ್ತರಿಸಿದರೆ ಮಾತ್ರ 1000ವನ್ನು ಬಿಡಬಹುದು. ನನ್ನ ಕತ್ತಿಯಲ್ಲಿ ಬುಡ ಮತ್ತು ಮಧ್ಯ ಕತ್ತರಿಸಿದವು, ತುದಿ ಎಳೆಯಿತು. ಅಷ್ಟಕ್ಕೇ ಮುಂದಿನ ಕಲ್ಲಿಗೆ ಹೋದೆ, ಅಂಚಿಗೆ ಹೊಳಪು ಕೊಡುವ ಹಸಿರು ಪೇಸ್ಟಿನಿಂದ ತುದಿಯೂ ಸರಿಹೋದೀತೆಂಬ ಲೆಕ್ಕದಲ್ಲಿ. ಸರಿಹೋಗಲಿಲ್ಲ. ವಾಪಸು 1000ಕ್ಕೆ ಬಂದು ತುದಿಯನ್ನೇ ಹಿಡಿದು ಮುಗಿಸಬೇಕಾಯಿತು.

4. 6000, 12000 ಮತ್ತು ಪಟ್ಟಿ

ಇವು ಬೇಗ ಮುಗಿಯುತ್ತವೆ. 6000ದಲ್ಲಿ 1000ದ ಗೀರುಗಳು ಸೂಕ್ಷ್ಮದರ್ಶಕದಲ್ಲಿ ಕಾಣದಾಗುವ ತನಕ, ಪ್ರತಿ ಬಾರಿಯೂ ಕೈ ಇನ್ನಷ್ಟು ಹಗುರ. 12000ದ ಕಲ್ಲನ್ನು ನೆನೆಸಬಾರದು, ಮೇಲೆ ನೀರು ಚಿಮುಕಿಸಿದರೆ ಸಾಕು. ಕತ್ತಿಯ ಭಾರವಷ್ಟೇ ಕಲ್ಲಿಗೆ ಬೀಳಬೇಕು.

ಮಸೆದ ಅಂಚನ್ನು ಕೊನೆಗೆ ಎಳೆದು ನಯ ಮಾಡುವ ಚರ್ಮದ ಪಟ್ಟಿಗೆ ಚಪ್ಪಲಿ ಹೊಲಿಯುವವರ ಹತ್ತಿರ ಎರಡೂವರೆ ಇಂಚು ಅಗಲದ, ಗಾಯದ ಗುರುತಿಲ್ಲದ ದನದ ಚರ್ಮ ಆಯ್ದು ತಂದೆ. ಅದರ ಹಿಂದೆ ಅಷ್ಟೇ ಅಗಲದ ಹತ್ತಿಯ ನವಾರು. ನವಾರಿನ ಮೇಲೆ ಇಪ್ಪತ್ತು, ಚರ್ಮದ ಮೇಲೆ ಐವತ್ತು. ಇಲ್ಲಿ ದಿಕ್ಕು ಕಲ್ಲಿನದಕ್ಕೆ ಉಲ್ಟಾ: ಬೆನ್ನು ಮುಂದೆ, ಬಾಯಿ ಹಿಂದೆ. ಹೊರಳಿಸುವುದು ಬೆನ್ನಿನ ಮೇಲೆಯೇ. ಬಾಯಿಯ ಮೇಲೆ ಹೊರಳಿಸಿದರೆ ಚರ್ಮ ಸೀಳುತ್ತದೆ. ನನ್ನ ಪಟ್ಟಿಯಲ್ಲಿ ಅಂಥ ಒಂದು ಗಾಯವಿದೆ, ಅದನ್ನು ವಾಟರ್ ಪೇಪರಿನಿಂದ ಉಜ್ಜಿ ನಯ ಮಾಡಿದ್ದೇನೆ.

ಇಷ್ಟಾದರೂ ಕತ್ತಿ ಪಟ್ಟಿಯ ಬಳಿಕ ಮೊದಲಿಗಿಂತ ಮೊಂಡಾಗುತ್ತಿತ್ತು. ನಾನು ಕೂದಲು ಕತ್ತರಿಸಿಕೊಳ್ಳುವ ಸಲೂನಿನಲ್ಲಿ ಈಗ ಕುರ್ಚಿಯ ಕೆಲಸ ಬಿಟ್ಟು ಸುಮ್ಮನೆ ಕುಳಿತಿರುವ ಹಿರಿಯರೊಬ್ಬರಿದ್ದಾರೆ. ಪಟ್ಟಿ, ಕತ್ತಿ ಎರಡನ್ನೂ ಒಯ್ದು ಅವರೆದುರು ಎಳೆದು ತೋರಿಸಿದೆ. ಅವರು ಪಟ್ಟಿಯ ನಡುವೆ ಬೆರಳಿಟ್ಟು ಒತ್ತಿದರು. “ಇದು ಜೋತಾಡುತ್ತಿದೆ ನೋಡಿ. ಬಿಗಿಯಾಗಿ ಎಳೆದು ಹಿಡಿಯಿರಿ. ಕತ್ತಿಯನ್ನು ಒತ್ತಬೇಡಿ, ಅದರ ಭಾರ ಅದಕ್ಕೆ ಸಾಕು” ಎಂದರು. ಬಳಿಕ ತಾವೇ ಎಳೆದರು. ಸದ್ದಿನಲ್ಲೇ ವ್ಯತ್ಯಾಸ ತಿಳಿಯಿತು: ನನ್ನದು ಉಜ್ಜಿದ ಸದ್ದು, ಅವರದು ಮೇಲೆ ಮೇಲೆ ಜಾರಿದ ಸದ್ದು. ಸಡಿಲ ಪಟ್ಟಿ ಬಾಯಿಯ ಸುತ್ತ ಬಾಗಿ ಅಂಚನ್ನು ದುಂಡು ಮಾಡುತ್ತದೆ. ಅವರು ಹೇಳಿದಂತೆ ಮಾಡಿದ ಮೇಲೆ ಈ ತೊಂದರೆ ಮತ್ತೆ ಬರಲಿಲ್ಲ. ಇಂಥ ಕೈಗಳು ನಮ್ಮ ಪೇಟೆಗಳಲ್ಲಿ ಇನ್ನೂ ಇವೆ. ವಿಡಿಯೊ ನೋಡುವ ಮೊದಲು ಅವರ ಹತ್ತಿರ ಹೋಗಿ ಎಂದೇ ನನ್ನ ಸಲಹೆ.

5. ಮುಖದ ಮೇಲೆ (ಏಪ್ರಿಲ್, ಮೇ)

ಮೊದಲು ಎರಡು ಕೆನ್ನೆ ಮಾತ್ರ, ಉಳಿದದ್ದು ಮಾಮೂಲಿ ರೇಜರಿನಲ್ಲಿ. ಕೆನ್ನೆ ಹಿಡಿತಕ್ಕೆ ಬಂದ ಮೇಲೆ ಕುತ್ತಿಗೆ, ಎಲ್ಲಕ್ಕಿಂತ ಕೊನೆಗೆ ಗಲ್ಲ ಮತ್ತು ಮೇಲ್ತುಟಿ. ಬೆನ್ನು ಚರ್ಮದಿಂದ ಸುಮಾರು 30 ಡಿಗ್ರಿ ಏಳುವಂತೆ ಹಿಡಿದು, ಕೂದಲು ಬೆಳೆದ ದಿಕ್ಕಿಗೇ ಎಳೆಯಬೇಕು. ಕೋನ ಹೆಚ್ಚಾದರೆ ಚರ್ಮ ಕೆರೆಯುತ್ತದೆ, ಕಡಿಮೆಯಾದರೆ ಕೂದಲು ಕಿತ್ತಂತಾಗುತ್ತದೆ. ಕತ್ತಿಯನ್ನು ಬಾಯಿಯ ಉದ್ದಕ್ಕೆ ಅಡ್ಡ ಜಾರಿಸಲೇಬಾರದು. ಕೊಯ್ಯುವುದೇ ಆ ಚಲನೆ. ಕತ್ತಿ ಕೈಜಾರಿದರೆ ಹಿಡಿಯಲು ಹೋಗಬಾರದು, ಬೀಳಲು ಬಿಡಬೇಕು. ಮುರಿದರೆ 900 ರೂಪಾಯಿ ಹೋಯಿತು, ಬೆರಳಿನ ನರ ಹಾಗಲ್ಲ.

ಬೇಸಿಗೆಯಲ್ಲಿ ಇಲ್ಲಿ ಬೇರೆಯದೇ ಒಂದು ತೊಡಕಿದೆ. ಮುಖ ಬೆವರುತ್ತದೆ, ನೊರೆ ತೆಳುವಾಗಿ ಇಳಿಯುತ್ತದೆ, ಚರ್ಮವನ್ನು ಎಳೆದು ಹಿಡಿದ ಬೆರಳು ಜಾರುತ್ತದೆ. ಬೆರಳು ಜಾರಿದರೆ ಚರ್ಮ ಮಡಚಿಕೊಳ್ಳುತ್ತದೆ, ಆ ಮಡಿಕೆಗೇ ಕತ್ತಿ ಸಿಗುತ್ತದೆ. ದವಡೆಯ ಕೆಳಗೆ ಆದ ಗಾಯಗಳೆಲ್ಲ ಹೀಗೆಯೇ ಆದವು. ಫ್ಯಾನ್ ಹಾಕಿದರೆ ನೊರೆ ಒಣಗುತ್ತದೆ, ಅದೂ ಪ್ರಯೋಜನವಿಲ್ಲ. ಉಪಾಯ: ಬೆಳಗಿನ ಆರು ಗಂಟೆಯೊಳಗೆ ಮುಗಿಸುವುದು, ನೊರೆಗೆ ನೀರು ಕಡಿಮೆ ಮಾಡುವುದು, ಎಳೆದು ಹಿಡಿಯುವ ಕೈಯ ಬೆರಳುಗಳಿಗೆ ಒದ್ದೆ ಪಟಿಕದ ಗಟ್ಟಿಯನ್ನು ಉಜ್ಜಿಕೊಳ್ಳುವುದು. ಪಟಿಕ ಹಚ್ಚಿದ ಬೆರಳು ಒದ್ದೆ ಚರ್ಮದ ಮೇಲೂ ಕಚ್ಚಿ ನಿಲ್ಲುತ್ತದೆ. ಗಾಯದ ರಕ್ತ ನಿಲ್ಲಿಸಲು ಇಟ್ಟುಕೊಂಡ ಪಟಿಕ ಗಾಯವೇ ಆಗದಂತೆ ನೋಡಿಕೊಂಡಿತು.

6. ತುಕ್ಕು (ಜೂನ್, ಜುಲೈ)

ಮಳೆ ಹಿಡಿದ ಮೇಲೆ ಕತ್ತಿ ಕೆಟ್ಟಿತು. ಸಂಜೆ ಚೆನ್ನಾಗಿದ್ದದ್ದು ಮರುದಿನ ಕೂದಲು ಎಳೆಯುತ್ತಿತ್ತು, ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಮಸೆದ ಅಂಚಿನ ದಪ್ಪ ಒಂದು ಮೈಕ್ರಾನಿಗಿಂತಲೂ ಕಡಿಮೆ. ಕಣ್ಣಿಗೆ ಕಾಣುವ ಮೊದಲೇ ತುಕ್ಕು ಅದನ್ನು ತಿಂದು ಮುಗಿಸಿರುತ್ತದೆ. ಹಳೆಯ ಕತ್ತಿಗಳು ಹೆಚ್ಚಾಗಿ ಇಂಗಾಲದ ಉಕ್ಕಿನವು, ಸ್ಟೇನ್‌ಲೆಸ್ ಅಲ್ಲ. ಮೇಲಾಗಿ ಕಡಲ ಗಾಳಿಯ ಉಪ್ಪು ಲೋಹದ ಮೇಲೆ ಕುಳಿತು ಹವೆಯಿಂದ ತೇವವನ್ನು ಎಳೆದುಕೊಳ್ಳುತ್ತದೆ.

ಒಂದೊಂದಾಗಿ ಮಾಡಿದ್ದು:

ಬಚ್ಚಲಿನಿಂದ ಕತ್ತಿಯನ್ನು ಮಲಗುವ ಕೋಣೆಗೆ ತಂದೆ. ತುಸು ಉತ್ತಮ.

ನಮ್ಮ ಬಾವಿಯ ನೀರು ಸ್ವಲ್ಪ ಸವಳು. ಕೊನೆಯ ತೊಳೆತವನ್ನು ಕುಡಿಯುವ ನೀರಿನಲ್ಲಿ ಮಾಡಿ, ಹತ್ತಿಬಟ್ಟೆಯಲ್ಲಿ ಬೆನ್ನಿನಿಂದ ಬಾಯಿಯ ಕಡೆಗೆ ಒರೆಸಿ, ಪಟ್ಟಿಯ ಮೇಲೆ ಕೆಲವು ಸಲ ಎಳೆದು ತೇವ ತೆಗೆಯತೊಡಗಿದೆ. ಇದು ಚೆನ್ನಾಗಿ ಕೆಲಸ ಮಾಡಿತು, ಈಗಲೂ ಮಾಡುತ್ತೇನೆ.

ಕೊಬ್ಬರಿ ಎಣ್ಣೆ ಹಚ್ಚಿದೆ. ಬರಬರುತ್ತ ಕಮಟು ವಾಸನೆ, ಕೀಲಿನಲ್ಲಿ ಅಂಟು. ಬಿಟ್ಟೆ. ಹೊಲಿಗೆ ಯಂತ್ರದ ಎಣ್ಣೆಗೆ ಬದಲಾಯಿಸಿದೆ, ಅದು ಕೆಡುವುದಿಲ್ಲ. ಒಂದು ಹನಿ ಸಾಕು, ಬಳಸುವ ಮೊದಲು ಒರೆಸಬೇಕು.

ಚರ್ಮದ ಚೀಲದಲ್ಲಿಡುವುದನ್ನು ನಿಲ್ಲಿಸಿದೆ. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ.

ಕೊನೆಗೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹರಳುಗಳ ಜೊತೆ ಇಟ್ಟೆ. ಇಷ್ಟು ಮಾಡಿದ ಮೇಲೆ ತುಕ್ಕು ನಿಲ್ಲಬೇಕಿತ್ತು. ಅದು ಹೆಚ್ಚಾಯಿತು.

ಹೆಚ್ಚಾದ ರೀತಿಯೇ ಸುಳಿವು ಕೊಟ್ಟಿತು. ಕತ್ತಿ ಮಡಚಿದಾಗ ಹಿಡಿಯ ಹೊರಗೆ ಉಳಿಯುವ ಬೆನ್ನಿನ ಅಂಚು ಮತ್ತು ಬುಡ ಹೊಳೆಯುತ್ತಿದ್ದವು. ಹಿಡಿಯ ಎರಡು ಹಲಗೆಗಳ ನಡುವೆ ಮುಚ್ಚಿರುವ ಹೊಟ್ಟೆಯ ಭಾಗದಲ್ಲಷ್ಟೇ ಕಂದು ಪಟ್ಟೆ ಮೂಡಿತ್ತು. ಹವೆಯ ತೇವವೇ ಕಾರಣವಾಗಿದ್ದರೆ ಹೊರಗಿನದ್ದೂ ಹಿಡಿಯಬೇಕಿತ್ತು. ಹಿಡಿಯನ್ನು ಬೆರಳಿನಿಂದ ಬಿಸಿಯಾಗುವಷ್ಟು ಉಜ್ಜಿ ಮೂಸಿದೆ. ಕರ್ಪೂರದ ವಾಸನೆ, ಅದರ ಹಿಂದೆ ಏನೋ ಹುಳಿ ಘಾಟು. ಅದು ಸೆಲ್ಯುಲಾಯ್ಡ್. ಕರ್ಪೂರ ಬೆರೆಸಿ ಮಾಡುತ್ತಿದ್ದ ಹಳೆಯ ಪ್ಲಾಸ್ಟಿಕ್ ಅದು. ಮುಪ್ಪಾದಂತೆ ಒಡೆದು ಆಮ್ಲದ ಆವಿ ಬಿಡುತ್ತದೆ, ಸೆಕೆ ಮತ್ತು ತೇವ ಆ ಒಡೆತವನ್ನು ಇನ್ನಷ್ಟು ಜೋರು ಮಾಡುತ್ತವೆ. ನಾನು ಗಾಳಿಯಾಡದ ಡಬ್ಬಿಗೆ ಹಾಕಿ ಆ ಆವಿಯನ್ನೇ ಕತ್ತಿಯ ಜೊತೆ ಕೂಡಿಹಾಕಿದ್ದೆ.

ಖಚಿತ ಮಾಡಿಕೊಳ್ಳಲು ಹಿಡಿಯನ್ನು ಕಳಚಿದ ಮೇಲೆ ಎರಡು ಗಾಜಿನ ಬಾಟಲಿ ತೆಗೆದುಕೊಂಡೆ. ಎರಡರಲ್ಲೂ ಉಜ್ಜಿ ಹೊಳಪು ಮಾಡಿದ ಹ್ಯಾಕ್ಸಾ ಬ್ಲೇಡಿನ ತುಂಡು. ಒಂದರಲ್ಲಿ ಮಾತ್ರ ಹಿಡಿಯ ಹಲಗೆ. ಮುಚ್ಚಳ ಬಿಗಿದು ಕಪಾಟಿನಲ್ಲಿಟ್ಟೆ. ಹಲಗೆಯಿದ್ದ ಬಾಟಲಿಯ ತುಂಡು ಮೊದಲು ಮಂಕಾಗಿ ಆಮೇಲೆ ಕಂದಾಯಿತು. ಇನ್ನೊಂದು ಹೊಳೆಯುತ್ತಲೇ ಇತ್ತು.

ಹಳೆಯ ಕತ್ತಿ ಕೊಳ್ಳುವವರು ಹಿಡಿಯನ್ನು ಉಜ್ಜಿ ಮೂಸಿ ನೋಡಿ. ಕರ್ಪೂರದ ವಾಸನೆ ಬಂದರೆ ಕೂಡಲೇ ಎಸೆಯಬೇಕೆಂದಿಲ್ಲ, ಚೆನ್ನಾಗಿರುವ ಸೆಲ್ಯುಲಾಯ್ಡ್ ಹಿಡಿಗಳೂ ಇವೆ. ಹುಳಿ ಘಾಟು, ಕೂದಲೆಳೆಯ ಬಿರುಕು, ಮುಚ್ಚಿದ ಭಾಗದಲ್ಲಷ್ಟೇ ತುಕ್ಕು ಇದ್ದರೆ ಮಾತ್ರ ಕಳಚಿ. ಯಾವುದೇ ಆದರೂ ಗಾಳಿಯಾಡದ ಡಬ್ಬಿ ಬೇಡ.

7. ಹೊಸ ಹಿಡಿ (ಆಗಸ್ಟ್)

ಕೀಲಿನ ತಲೆಯನ್ನು ಅರದಿಂದ ಉಜ್ಜಿ ಕಳಚಿದೆ. ಡ್ರಿಲ್ ಹಾಕಲಿಲ್ಲ. ಸೆಲ್ಯುಲಾಯ್ಡ್ ಬೆಂಕಿಗೆ ಬಹಳ ಬೇಗ ಹತ್ತುತ್ತದೆ, ಅದರ ಪುಡಿಯನ್ನೂ ಒಲೆಯ ಹತ್ತಿರ ತರಬಾರದು.

ಮರ: ಬಡಗಿಯೊಬ್ಬರು ಹಳೆಯ ಮಂಚದ ಕಾಲಿನಿಂದ ಉಳಿದ ಬೀಟೆಯ ತುಂಡು ಕೊಟ್ಟರು, ಹಣ ತೆಗೆದುಕೊಳ್ಳಲಿಲ್ಲ. ತಮ್ಮ ಯಂತ್ರದಲ್ಲೇ 3 ಮಿ.ಮೀ. ದಪ್ಪದ ಎರಡು ಪಟ್ಟಿ ಸೀಳಿಕೊಟ್ಟರು. ಹಳೆಯ ಹಿಡಿಯನ್ನೇ ಅಚ್ಚಾಗಿಟ್ಟು ಗೆರೆ ಎಳೆದು, ಎರಡೂ ಪಟ್ಟಿಗಳನ್ನು ಟೇಪಿನಿಂದ ಜೋಡಿಸಿ, 1.6 ಮಿ.ಮೀ. ಬಿಟ್ಟಿನಲ್ಲಿ ರಂಧ್ರಗಳನ್ನು ಒಟ್ಟಿಗೇ ಕೊರೆದೆ. ಬೇರೆ ಬೇರೆ ಕೊರೆದರೆ ಕೂಡುವುದಿಲ್ಲ. ಆಕಾರ ಕೊಟ್ಟದ್ದು ಅರದಲ್ಲಿ, ನುಣುಪು ಮಾಡಿದ್ದು 180, 400, 800ರ ಕಾಗದದಲ್ಲಿ. ಬೀಟೆಯ ಪುಡಿ ಮೂಗು ಗಂಟಲಿಗೆ ಕೆಟ್ಟದ್ದು, ಮುಸುಕು ಹಾಕಿಕೊಳ್ಳಿ.

ಹಿಡಿಯ ಬಾಲದಲ್ಲಿ ಎರಡು ಹಲಗೆಗಳ ನಡುವೆ ಒಂದು ಬೆಣೆ ಇರುತ್ತದೆ. ನಾನು ಮೊದಲು ಹಾಕಿದ ಬೆಣೆ ಎರಡೂ ಕಡೆ ಒಂದೇ ದಪ್ಪದ್ದು. ಕತ್ತಿ ಮುಚ್ಚುವಾಗ ಬಾಯಿ ಬಲಗಡೆಯ ಹಲಗೆಗೆ ತಾಗಿತು, ಕಷ್ಟಪಟ್ಟು ಮಸೆದ ಅಂಚಿಗೆ ಪೆಟ್ಟಾಯಿತು. ಬೆಣೆ ಬಾಲದ ಕಡೆ 2 ಮಿ.ಮೀ., ಕೀಲಿನ ಕಡೆ 1.2 ಮಿ.ಮೀ. ಇರುವಂತೆ ಇಳಿಜಾರಾಗಿ ಉಜ್ಜಿದ ಮೇಲೆ ಹಲಗೆಗಳು ಕತ್ತಿಯನ್ನು ನಡುವೆ ಹಿಡಿದವು. ಕೀಲಿಗೆ ಹಿತ್ತಾಳೆ ತಂತಿ, ಎರಡೂ ಕಡೆ ಹಿತ್ತಾಳೆ ವಾಷರ್. ಸಣ್ಣ ಸುತ್ತಿಗೆಯಿಂದ ತೀರ ಮೆಲ್ಲಗೆ, ಸುತ್ತಲೂ ತಟ್ಟುತ್ತ ತಲೆ ಕಟ್ಟಬೇಕು. ಜೋರಾಗಿ ಹೊಡೆದರೆ ತಂತಿ ಒಳಗೆ ಬಾಗುತ್ತದೆ, ಮರ ಸೀಳುತ್ತದೆ. ಪ್ರತಿ ಹತ್ತಾರು ಪೆಟ್ಟಿಗೊಮ್ಮೆ ಕತ್ತಿಯನ್ನು ತೆರೆದು ಮುಚ್ಚಿ ಬಿಗಿ ನೋಡುತ್ತಿದ್ದೆ.

ಮರಕ್ಕೆ ಅಗಸೆ ಎಣ್ಣೆ ಹಚ್ಚಿದೆ. ಮಳೆಗಾಲದಲ್ಲಿ ಅದು ಒಣಗುವುದೇ ಇಲ್ಲವೇನೋ ಅನ್ನಿಸಿತು. ತೆಳುವಾಗಿ ಹಚ್ಚಿ ಪೂರ್ತಿ ಒರೆಸಿ, ಇಸ್ತ್ರಿ ಮಾಡುವ ಕೋಣೆಯಲ್ಲಿ ನೇತುಹಾಕಿದ ಮೇಲೆ ಒಣಗಿತು. ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಎಸೆಯಬೇಡಿ. ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ ಆಮೇಲೆ ಎಸೆಯಿರಿ.

ಹೊಸ ಹಿಡಿ ಹಾಕುವ ಮೊದಲು ಕಂದು ಪಟ್ಟೆಯನ್ನು 1000 ಮತ್ತು 2000ದ ವಾಟರ್ ಪೇಪರಿನಿಂದ, ಬಾಯಿಯನ್ನು ಮುಟ್ಟದಂತೆ, ಬೆನ್ನಿನ ಕಡೆಗೆ ಉಜ್ಜಿ ತೆಗೆದಿದ್ದೆ. ಆಮೇಲೆ ಮತ್ತೆ 1000ದ ಕಲ್ಲು, 6000, 12000. ಕೈ ಪಳಗಿದ್ದರಿಂದ ಒಂದೇ ಬೈಠಕ್ಕಿನಲ್ಲಿ ಮುಗಿಯಿತು.

8. ಖರ್ಚು, ಮತ್ತು ಈಗಿನ ಸ್ಥಿತಿ (ಸೆಪ್ಟೆಂಬರ್)

ಕತ್ತಿ 900, ಜೋಡಿಕಲ್ಲು 3,200, ಚೀನಾ ಕಲ್ಲು 2,400, ಸೂಕ್ಷ್ಮದರ್ಶಕ 350, ವಾಟರ್ ಪೇಪರ್ 100, ಚರ್ಮ 450, ನವಾರು 60, ಹಸಿರು ಪೇಸ್ಟ್ 380, ಹಿತ್ತಾಳೆ ತಂತಿ ಮತ್ತು ವಾಷರ್ 150, ಡ್ರಿಲ್ ಬಿಟ್ಟು 120, ಎಣ್ಣೆ 40, ಸಿಲಿಕಾ ಜೆಲ್ 180. ಒಟ್ಟು 8,330 ರೂಪಾಯಿ. ಬ್ಲೇಡಿನ ದುಡ್ಡು ಉಳಿಸಲೆಂದು ಯಾರೂ ಇದಕ್ಕೆ ಇಳಿಯಬೇಡಿ. ಹಸಿರು ಪೇಸ್ಟ್ ಬೇಡದಿದ್ದರೂ ನಡೆಯುತ್ತಿತ್ತು. ಸೂಕ್ಷ್ಮದರ್ಶಕ ಬೇಕೇ ಬೇಕು.

ಹೊಸ ಹಿಡಿ ಬಂದ ಮೇಲೆ ಹೊಟ್ಟೆಯಲ್ಲಿ ಕಂದು ಪಟ್ಟೆ ಮೂಡಿಲ್ಲ. ಕತ್ತಿಯನ್ನು ತೆರೆದ ಕಪಾಟಿನಲ್ಲಿ, ಹೊಲಿಗೆ ಯಂತ್ರದ ಎಣ್ಣೆ ಸವರಿ, ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಇಡುತ್ತೇನೆ. ಜೋಡಿಕಲ್ಲು ಮಾತ್ರ ಮಳೆಗಾಲದುದ್ದಕ್ಕೂ ಒಣಗಲಿಲ್ಲ, ಬದಿಯಲ್ಲಿ ಬೂಷ್ಟು ಹಿಡಿಯಿತು. ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಫ್ಯಾನಿನ ಕೆಳಗೆ ಎರಡು ಕಡ್ಡಿಗಳ ಮೇಲೆ ಎತ್ತಿಟ್ಟಿದ್ದೇನೆ. ಬಿಸಿಲಿಗೆ ಇಟ್ಟರೆ ಬಿರುಕು ಬಿಡುವ ಅಪಾಯವಿದೆ.

ಉಳಿದಿರುವುದು ತುದಿಯ ಆ ಗುಳಿ. ಈಗ ಅದು ಬಾಯಿಯಿಂದ ಅರ್ಧ ಮಿಲಿಮೀಟರಿನಷ್ಟು ದೂರದಲ್ಲಿದೆ. ತುದಿಯನ್ನು ದುಂಡಾಗಿ ಉಜ್ಜಿ ಆ ಭಾಗವನ್ನೇ ತೆಗೆದುಹಾಕುವುದೋ, ಇಡೀ ಬಾಯಿಯನ್ನು ಅಷ್ಟು ಇಳಿಸುವುದೋ ಎಂದು ಇನ್ನೂ ತೀರ್ಮಾನಿಸಿಲ್ಲ. ದುಂಡಾಗಿಸುವುದರ ಕಡೆಗೇ ಮನಸ್ಸಿದೆ: ಉಕ್ಕು ಕಡಿಮೆ ಹೋಗುತ್ತದೆ, ಮೂಗಿನ ಕೆಳಗೆ ಚೂಪು ತುದಿ ಚುಚ್ಚುವುದೂ ತಪ್ಪುತ್ತದೆ. ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಕೈ ಹಾಕುತ್ತೇನೆ.